ಬ್ಲಾಕ್‌ನಲ್ಲಿ ಮಾರುವವರ ಪ್ರೀ-ಆರ್ಡರ್ ರದ್ದು ಮಾಡಬೇಕಾ? ಸಣ್ಣ ಅಂಗಡಿಯವರು ಮಾಡುವುದಾದರೆ ಹೀಗೆ ಮಾಡಿ

2021ರ ಜನವರಿ 12, ಮಧ್ಯಾಹ್ನ 12 ಗಂಟೆ. ಭಾರತದಲ್ಲಿ ಸೋನಿಯ ಪ್ಲೇಸ್ಟೇಷನ್ 5, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಕನ್ಸೋಲ್‌ನ ಪ್ರೀ-ಆರ್ಡರ್ (ಮುಂಗಡ ಬುಕ್ಕಿಂಗ್) ಶುರುವಾದ ಹೊತ್ತು. ಅಮೆರಿಕ, ಜಪಾನ್‌ಗಳಲ್ಲಿ ಅದು 2020ರ ನವೆಂಬರ್‌ನಲ್ಲೇ ಬಂದಿತ್ತು, ನಮಗೆ ಫೆಬ್ರವರಿ 2ಕ್ಕೆ ಅಂತ ಹೇಳಿದ್ದರು. ಬೆಲೆ 49,990 ರೂಪಾಯಿ. ದೊಡ್ಡ ವೆಬ್‌ಸೈಟ್‌ಗಳಲ್ಲಿ ಕೆಲವೇ ನಿಮಿಷಕ್ಕೆ ಎಲ್ಲ ಖಾಲಿ. ಬೆಂಗಳೂರಿನ ನಮ್ಮ ಸಣ್ಣ ಗೇಮ್ ಅಂಗಡಿಯಲ್ಲಿ ನಾವು ಒಂದು ಗೂಗಲ್ ಫಾರ್ಮ್ ತೆರೆದಿಟ್ಟು ಕೂತಿದ್ದೆವು. ನಮಗೆ ಬರಬೇಕಿದ್ದದ್ದು 14 ಪೀಸ್. ಅರ್ಧ ಗಂಟೆಯಲ್ಲಿ ಬಂದ ಹೆಸರು 60ಕ್ಕೂ ಜಾಸ್ತಿ. ಅದರಲ್ಲಿ ಆರು ಜನರ ಹೆಸರು ಬೇರೆ, ಫೋನ್ ನಂಬರ್ ಬೇರೆ, ಆದರೆ ಮುಂಗಡ ಬಂದದ್ದು ಮಾತ್ರ ಒಂದೇ ಯುಪಿಐ ಐಡಿಯಿಂದ.

ಆ ಆರನ್ನೂ ರದ್ದು ಮಾಡಿದೆ. ಒಬ್ಬನೇ ಆರು ಒಯ್ಯುವುದನ್ನು ತಡೆದದ್ದು ಸರಿ ಅನ್ನುವುದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ. ಆದರೆ ಅದೇ ಸಿಟ್ಟಿನಲ್ಲಿ ಇನ್ನೊಂದು ಕೆಲಸ ಮಾಡಿಬಿಟ್ಟೆ. ಬಿಟಿಎಂ ಲೇಔಟ್‌ನ ಒಂದೇ ವಿಳಾಸದಿಂದ ಮೂರು ಆರ್ಡರ್ ಬಂದಿದ್ದವು, ಅವನ್ನೂ ಹಿಂದೆಮುಂದೆ ನೋಡದೆ ತೆಗೆದುಹಾಕಿದೆ. ಎರಡು ದಿನ ಬಿಟ್ಟು ಒಬ್ಬ ಹುಡುಗ ಅಂಗಡಿಗೆ ಬಂದ. ‘ಸರ್, ಅದು ಪಿಜಿ’ ಅಂದ. ಒಂದೇ ಕಟ್ಟಡ, ಐವತ್ತು ಜನ. ಮೂವರೂ ಬೇರೆ ಬೇರೆ ಮಹಡಿಯವರು, ಅವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇರಲಿಲ್ಲ. ಅಷ್ಟರಲ್ಲಿ ಅವನ ಪೀಸ್ ಬೇರೆಯವರ ಹೆಸರಿಗೆ ಹೋಗಿತ್ತು. ಅವನೇನು ಜಗಳ ಆಡಲಿಲ್ಲ. ಸುಮ್ನೆ ತಲೆ ಅಲ್ಲಾಡಿಸಿ ಹೊರಟುಹೋದ. ಜಗಳ ಆಡಿದ್ದರೇ ಚೆನ್ನಾಗಿತ್ತು ಅಂತ ನನಗೆ ಆಮೇಲೆ ಎಷ್ಟೋ ಸಲ ಅನಿಸಿದೆ.

ಹಾಗಾಗಿ ನನ್ನ ಉತ್ತರ ಇಷ್ಟು. ರದ್ದು ಮಾಡಿ, ಖಂಡಿತ ಮಾಡಿ. ಆದರೆ ರದ್ದು ಮಾಡುವ ಹಕ್ಕನ್ನು ಗಿರಾಕಿಯ ದುಡ್ಡು ಮುಟ್ಟುವ ಮೊದಲೇ ಬರೆದು ಇಟ್ಟುಕೊಂಡಿರಬೇಕು. ದುಡ್ಡು ತೆಗೆದುಕೊಂಡ ಮೇಲೆ ಹೊಳೆದ ನಿಯಮ ನಿಯಮವೇ ಅಲ್ಲ.

‘ದುಡ್ಡು ಕೊಟ್ಟಿದ್ದಾನೆ, ನಮಗೇನು?’

ಅಂಗಡಿಯವರಲ್ಲೇ ತುಂಬಾ ಜನ ಹೀಗೆ ಕೇಳುತ್ತಾರೆ. ಯಾರು ಕೊಟ್ಟರೂ 49,990 ಅಂದರೆ 49,990 ತಾನೆ? ನಾನು ಒಪ್ಪುವುದಿಲ್ಲ. ಕನ್ಸೋಲ್‌ನಲ್ಲಿ ನಮ್ಮಂಥವರಿಗೆ ಉಳಿಯುವುದು ಕಡಿಮೆ. ನಮ್ಮ ಅಂಗಡಿ ನಡೆಯುವುದು ಅದನ್ನು ಮನೆಗೆ ಒಯ್ದವನು ಆಮೇಲೆ ಬಂದು ಕೊಳ್ಳುವ ಗೇಮ್‌ಗಳಿಂದ, ಎರಡನೇ ಕಂಟ್ರೋಲರ್‌ನಿಂದ, ಹಳೆ ಡಿಸ್ಕ್ ಕೊಟ್ಟು ಹೊಸದು ಒಯ್ಯುವುದರಿಂದ. ಆರು ಪೀಸ್ ಒಯ್ದು ಮಾರುವವನು ಮತ್ತೆ ಈ ಕಡೆ ಬರುವುದು ಮುಂದಿನ ಸಲ ಮಾಲು ಕೊರತೆಯಾದಾಗಲೇ. ಇನ್ನೊಂದು ಕಷ್ಟ ಆಮೇಲೆ ಶುರುವಾಗುತ್ತದೆ. ಅವನ ಹತ್ತಿರ 70 ಸಾವಿರ ಕೊಟ್ಟು ಕೊಂಡವರು ಕಂಟ್ರೋಲರ್ ಕೆಟ್ಟಾಗ ಬಿಲ್ ಹುಡುಕಿಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. ಬಿಲ್ ಇನ್ಯಾರದೋ ಹೆಸರಲ್ಲಿ ಇರುತ್ತದೆ. ಅವರ ಸಿಟ್ಟೆಲ್ಲ ಬಿಲ್ ಮೇಲೆ ಅಚ್ಚಾದ ನಮ್ಮ ಅಂಗಡಿಯ ಹೆಸರಿನ ಮೇಲೆ.

ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಬ್ಲಾಕ್ ಟಿಕೆಟ್ ಮಾರುತ್ತಿದ್ದದ್ದು ನೆನಪಿರುವವರಿಗೆ ಇದು ಹೊಸದಲ್ಲ. ಜನ ಬ್ಲಾಕ್‌ನವನನ್ನು ಬೈದುಕೊಂಡೇ ಟಿಕೆಟ್ ಕೊಳ್ಳುತ್ತಿದ್ದರು, ಆದರೆ ಅವರಿಗೆ ಜಾಸ್ತಿ ಬೇಸರ ಇದ್ದದ್ದು ಟಿಕೆಟ್ ಕಟ್ಟನ್ನು ಅವನ ಕೈಗೆ ಕೊಟ್ಟ ಕಿಟಕಿಯ ಮೇಲೆ. ನಾವು ಈಗ ಆ ಕಿಟಕಿಯಲ್ಲಿ ಕೂತಿದ್ದೇವೆ.

ಫಾರ್ಮ್ ತೆರೆಯುವ ಮೊದಲು

ಇಲ್ಲೇ ಮುಕ್ಕಾಲು ಕೆಲಸ ಇರುವುದು. ಇದನ್ನು ಸರಿಯಾಗಿ ಮಾಡಿದರೆ ರದ್ದು ಮಾಡುವ ಪ್ರಸಂಗವೇ ಕಡಿಮೆ.

ಮೊದಲು ನಿಮಗೆ ಎಷ್ಟು ಪೀಸ್ ಬರುತ್ತದೆ ಅನ್ನುವುದನ್ನು ಡಿಸ್ಟ್ರಿಬ್ಯೂಟರ್ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್ ಮೆಸೇಜ್ ಆದರೂ ಸಾಕು. ಫೋನಲ್ಲಿ ಹೇಳಿದ ಲೆಕ್ಕ ನಂಬಬೇಡಿ. ನಮಗೆ ಒಮ್ಮೆ ಹತ್ತು ಹೇಳಿ ನಾಲ್ಕು ಕಳಿಸಿದ್ದರು, ಉಳಿದ ಆರು ಜನರಿಗೆ ಉತ್ತರ ಹೇಳಿದ್ದು ನಾನು. 14 ಬರುವುದಾದರೆ 12ಕ್ಕೆ ಮಾತ್ರ ಬುಕ್ಕಿಂಗ್ ಒಪ್ಪಿಕೊಳ್ಳಿ, ಎರಡು ಕೈಯಲ್ಲಿರಲಿ. ನಮ್ಮ ತಪ್ಪು ಸರಿಮಾಡಲು ಆ ಎರಡು ಬೇಕಾಗುತ್ತವೆ. ನನ್ನ ಕೈಯಲ್ಲಿ ಅವತ್ತು ಒಂದು ಪೀಸ್ ಉಳಿದಿದ್ದರೂ ಆ ಪಿಜಿ ಹುಡುಗ ಬರಿಗೈಲಿ ಹೋಗುತ್ತಿರಲಿಲ್ಲ.

ಆಮೇಲೆ ನಿಯಮ ಬರೆಯಿರಿ. ವಕೀಲರ ಭಾಷೆ ಬೇಡ. ನಾವು ಈಗ ಫಾರ್ಮ್‌ನ ಮೇಲೆ, ಬುಕ್ಕಿಂಗ್ ಮೆಸೇಜ್‌ನಲ್ಲಿ, ಕೌಂಟರ್ ಪಕ್ಕದ ಬೋರ್ಡ್‌ನಲ್ಲಿ ಹೀಗೆ ಹಾಕುತ್ತೇವೆ: ‘ಒಬ್ಬರಿಗೆ ಒಂದೇ. ಒಂದೇ ಮನೆಯಿಂದ ಎರಡು ಬೇಕಿದ್ದರೆ ಮೊದಲೇ ಫೋನ್ ಮಾಡಿ ಹೇಳಿ. ಒಬ್ಬರೇ ಬೇರೆ ಬೇರೆ ಹೆಸರಲ್ಲಿ ಬುಕ್ ಮಾಡಿದ್ದಾರೆ ಅಂತ ಗೊತ್ತಾದರೆ ಒಂದನ್ನು ಉಳಿಸಿ ಮಿಕ್ಕದ್ದನ್ನು ರದ್ದು ಮಾಡುತ್ತೇವೆ, ಪೂರ್ತಿ ದುಡ್ಡು ವಾಪಸ್ ಕೊಡುತ್ತೇವೆ. ಯಾರ ಆರ್ಡರ್ ಒಪ್ಪಿದ್ದೇವೆ ಅನ್ನುವುದನ್ನು ನಾಳೆ ಸಂಜೆ 6ರೊಳಗೆ ತಿಳಿಸುತ್ತೇವೆ.’

ಕೊನೆಯ ವಾಕ್ಯವನ್ನು ಬಿಡಬೇಡಿ. ‘ನಿಮ್ಮ ಆರ್ಡರ್ ಬಂದಿದೆ’ ಅನ್ನುವುದು ಬೇರೆ, ‘ನಿಮ್ಮ ಆರ್ಡರ್ ಒಪ್ಪಿದ್ದೇವೆ’ ಅನ್ನುವುದು ಬೇರೆ. 1872ರ ಕರಾರು ಕಾಯ್ದೆಯ ಪ್ರಕಾರ ಒಬ್ಬರು ಕೇಳಿ ಇನ್ನೊಬ್ಬರು ಒಪ್ಪಿದಾಗಲೇ ಕರಾರು ಆಗುವುದು. ಫಾರ್ಮ್ ತುಂಬಿದ ತಕ್ಷಣ ‘ಕನ್ಫರ್ಮ್ ಆಯ್ತು’ ಅಂತ ಆಟೋಮ್ಯಾಟಿಕ್ ಮೆಸೇಜ್ ಹೋಗುವಂತೆ ಇಟ್ಟಿದ್ದರೆ ನೀವೇ ನಿಮ್ಮ ಕೈ ಕಟ್ಟಿಕೊಂಡ ಹಾಗೆ. ಮೊದಲ ಮೆಸೇಜ್‌ನಲ್ಲಿ ‘ಬಂದಿದೆ, ನೋಡುತ್ತಿದ್ದೇವೆ’ ಅಂತ ಇರಲಿ. ಒಪ್ಪಿದ ಮೇಲೆ ಎರಡನೇ ಮೆಸೇಜ್.

ಪೂರ್ತಿ ದುಡ್ಡು ಮೊದಲೇ ತೆಗೆದುಕೊಳ್ಳುವುದೂ ಬೇಡ. 50 ಸಾವಿರ ರೂಪಾಯಿ ಒಂದು ವಾರ ಸಿಕ್ಕಿಹಾಕಿಕೊಂಡರೆ ಸಂಬಳದಲ್ಲಿ ಬದುಕುವವರಿಗೆ ಕಷ್ಟ, ಆರು ಪೀಸ್ ಎತ್ತಿ ಮಾರುವವನಿಗೆ ಏನೂ ಅಲ್ಲ. ವಾಲ್ವ್ ಅನ್ನುವ ಗೇಮ್ ಕಂಪನಿ 2021ರ ಜುಲೈನಲ್ಲಿ ಕೈಯಲ್ಲಿ ಹಿಡಿದು ಆಡುವ ತನ್ನ ಸ್ಟೀಮ್ ಡೆಕ್ ಯಂತ್ರದ ಬುಕ್ಕಿಂಗ್ ಶುರು ಮಾಡಿದಾಗ ತೆಗೆದುಕೊಂಡದ್ದು ಬರೀ 5 ಡಾಲರ್. ಒಂದು ಖಾತೆಗೆ ಒಂದೇ. ಮೊದಲ ಎರಡು ದಿನ ಬುಕ್ ಮಾಡಬೇಕಾದರೆ ಆ ಖಾತೆಯಲ್ಲಿ ಆ ವರ್ಷದ ಜೂನ್‌ಗಿಂತ ಮುಂಚೆ ಏನಾದರೂ ಕೊಂಡಿರಬೇಕಿತ್ತು. ರಾತ್ರೋರಾತ್ರಿ ನೂರು ಖಾತೆ ತೆರೆದವನಿಗೆ ಅಲ್ಲಿಗೇ ಬಾಗಿಲು ಮುಚ್ಚಿತು. ನಿಂಟೆಂಡೊ ಜಪಾನ್‌ನಲ್ಲಿ 2025ರಲ್ಲಿ ತನ್ನ ಹೊಸ ಕನ್ಸೋಲ್ ಸ್ವಿಚ್ 2 ಕೊಡುವಾಗ ತನ್ನ ಸ್ವಂತ ಆನ್‌ಲೈನ್ ಅಂಗಡಿಯಲ್ಲಿ ಚೀಟಿ ಎತ್ತಿತು. ಹೆಸರು ಹಾಕಬೇಕಾದರೆ ಹಳೆ ಸ್ವಿಚ್‌ನಲ್ಲಿ 50 ಗಂಟೆ ಆಡಿರಬೇಕು, ಆನ್‌ಲೈನ್ ಸದಸ್ಯತ್ವ ಒಟ್ಟು ಒಂದು ವರ್ಷವಾದರೂ ಇರಬೇಕು. ಅಷ್ಟಿದ್ದೂ 22 ಲಕ್ಷ ಜನ ಹೆಸರು ಹಾಕಿದ್ದರು.

ನಮ್ಮ ಹತ್ತಿರ ಆಡಿದ ಗಂಟೆಯ ಲೆಕ್ಕ ಇಲ್ಲ, ಆದರೆ ಹಳೆ ಬಿಲ್ ಇದೆಯಲ್ವಾ? ಒಂದು ವರ್ಷದಲ್ಲಿ ಏನಾದರೂ ಕೊಂಡ ಫೋನ್ ನಂಬರ್‌ಗಳಿಗೆ ಮೊದಲ ಅವಕಾಶ ಕೊಡಿ. ಆದರೆ ಎಲ್ಲವನ್ನೂ ಅವರಿಗೇ ಕೊಡಬೇಡಿ. ನಾವು ಅರ್ಧ ಹಳಬರಿಗೆ, ಅರ್ಧ ಹೊಸಬರಿಗೆ ಅಂತ ಇಡುತ್ತೇವೆ. ಮೊದಲ ಸಂಬಳದಲ್ಲಿ ಮೊದಲ ಕನ್ಸೋಲ್ ಕೊಳ್ಳಲು ಬಂದವನ ಹಳೆ ಬಿಲ್ ಎಲ್ಲಿಂದ ಬರಬೇಕು?

ಪಟ್ಟಿ ಜರಡಿ ಹಿಡಿಯುವುದು

2020ರ ನವೆಂಬರ್ 25ರಂದು ಅಮೆರಿಕದ ವಾಲ್‌ಮಾರ್ಟ್ ಪ್ಲೇಸ್ಟೇಷನ್ 5 ಮಾರಾಟಕ್ಕೆ ಬಿಟ್ಟಾಗ ಮೊದಲ ಅರ್ಧ ಗಂಟೆಯಲ್ಲೇ 2 ಕೋಟಿಗೂ ಜಾಸ್ತಿ ಬಾಟ್ (ಮನುಷ್ಯರ ಬದಲು ತಾನೇ ಆರ್ಡರ್ ಹಾಕುವ ಸಾಫ್ಟ್‌ವೇರ್) ಪ್ರಯತ್ನಗಳನ್ನು ತಡೆದೆವು ಅಂತ ಆ ಕಂಪನಿಯೇ ಹೇಳಿಕೊಂಡಿತ್ತು. ನಮಗೆ ಆ ಮಟ್ಟದ ಕಾಟ ಇಲ್ಲ. ನಮ್ಮಲ್ಲಿಗೆ ಬರುವುದು ನಾಲ್ಕು ಸಿಮ್ ಇಟ್ಟುಕೊಂಡ ಮನುಷ್ಯ. ಅವನನ್ನು ಕಣ್ಣಲ್ಲಿ ನೋಡಿಯೇ ಹಿಡಿಯಬಹುದು. ಎನ್‌ವಿಡಿಯಾದಂಥ ಕಂಪನಿಯೂ 2020ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರ್‌ನಲ್ಲಿ ಗೇಮ್ ಆಡಲು ಬೇಕಾಗುವ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಬಿಟ್ಟ ದಿನ ಆರ್ಡರ್‌ಗಳನ್ನು ಕೈಯಾರೆ ಪರಿಶೀಲಿಸುತ್ತಿದ್ದೇವೆ ಅಂತ ಹೇಳಬೇಕಾಯಿತು.

ಏನು ನೋಡಬೇಕು? ದುಡ್ಡು ಬಂದ ಖಾತೆ ಒಂದೇನಾ ಅನ್ನುವುದು ಎಲ್ಲಕ್ಕಿಂತ ಗಟ್ಟಿ ಗುರುತು. ಅದಾದ ಮೇಲೆ ವಿಳಾಸ. ನಂಬರ್ 12, 12/1, 12 ಒಂದನೇ ಮಹಡಿ, ಹೀಗೆ ಒಂದೇ ಮನೆಯನ್ನು ನಾಲ್ಕು ಥರ ಬರೆದಿರುತ್ತಾರೆ, ಆದರೆ ಲ್ಯಾಂಡ್‌ಮಾರ್ಕ್ ಒಂದೇ ಇರುತ್ತದೆ. ಮೂರನೆಯದು ಸಮಯ, ಒಂದೇ ನಿಮಿಷದಲ್ಲಿ ಒಂದೇ ರೀತಿ ತುಂಬಿದ ಐದು ಫಾರ್ಮ್. ನಾಲ್ಕನೆಯದು, ಬುಕ್ಕಿಂಗ್ ಮುಗಿದ ಗಂಟೆಯೊಳಗೆ ಹಳೆ ಸಾಮಾನು ಮಾರುವ ಸೈಟ್‌ಗಳಲ್ಲಿ ‘ಸೀಲ್ಡ್ ಪೀಸ್, ಬೆಂಗಳೂರು’ ಅಂತ ಜಾಹೀರಾತು ಹಾಕಿದ ಫೋನ್ ನಂಬರ್ ನಿಮ್ಮ ಪಟ್ಟಿಯಲ್ಲೂ ಇದ್ದರೆ. ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಇದರಲ್ಲಿ ಯಾವುದೇ ಒಂದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ವಿಳಾಸ ಅಂದರೆ ಪಿಜಿ ಇರಬಹುದು, ಹಾಸ್ಟೆಲ್ ಇರಬಹುದು, ಮುನ್ನೂರು ಫ್ಲಾಟ್‌ನ ಅಪಾರ್ಟ್‌ಮೆಂಟ್ ಇರಬಹುದು. ಒಂದೇ ಯುಪಿಐ ಅಂದರೆ ಅಪ್ಪನ ಖಾತೆಯಿಂದ ಅಣ್ಣ ತಮ್ಮ ಇಬ್ಬರೂ ಹಾಕಿರಬಹುದು. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಇರುವ ಚಿಕ್ಕಪ್ಪನ ಮಗನಿಗೂ ಸೇರಿಸಿ ಬೆಂಗಳೂರಿನವನು ಎರಡು ಬುಕ್ ಮಾಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಎರಡೋ ಮೂರೋ ಗುರುತು ಒಟ್ಟಿಗೆ ಬಿದ್ದರೆ ಮಾತ್ರ ಹೆಸರಿನ ಮುಂದೆ ಪೆನ್ಸಿಲ್ ಗೀಟು ಹಾಕಿ.

ನೋಡಲೇಬಾರದದ್ದು ಕೂಡ ಇದೆ. ಹೆಸರು, ಜಾತಿ, ಧರ್ಮ, ಮಾತಾಡುವ ಭಾಷೆ, ಇರುವ ಬಡಾವಣೆ. ‘ಆ ಏರಿಯಾದವರೆಲ್ಲ ಬ್ಲಾಕ್‌ನವರು’ ಅಂತ ನಮ್ಮ ಹುಡುಗನೊಬ್ಬ ಹೇಳಿದಾಗ ನಾನು ಅವನನ್ನು ಪಟ್ಟಿಯ ಕೆಲಸದಿಂದಲೇ ತೆಗೆದೆ. ಅದು ಅನ್ಯಾಯ, ಅಷ್ಟೇ ಅಲ್ಲ, 2020ರ ಇ-ಕಾಮರ್ಸ್ ನಿಯಮಗಳು ಕೂಡ ಒಂದೇ ವರ್ಗದ ಗ್ರಾಹಕರಲ್ಲಿ ಮನಸ್ಸಿಗೆ ಬಂದಂತೆ ಭೇದ ಮಾಡಬಾರದು ಅನ್ನುತ್ತವೆ.

ಗೀಟು ಬಿದ್ದವರಿಗೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ವಿಚಾರಣೆ ಮಾಡುವ ದನಿ ಬೇಡ. ‘ನಿಮ್ಮ ಖಾತೆಯಿಂದ ಮೂರು ಬುಕ್ಕಿಂಗ್ ಬಂದಿದೆ, ನಮ್ಮಲ್ಲಿ ಒಬ್ಬರಿಗೆ ಒಂದೇ, ಯಾವುದನ್ನು ಇಟ್ಟುಕೊಳ್ಳೋಣ?’ ಅಂತ ಕೇಳಿ. ಇಷ್ಟೇ ಸಾಕು. ಮನೆಮಂದಿಗೆ ಕೊಳ್ಳುವವರು ‘ಅಯ್ಯೋ, ನನ್ನ ತಮ್ಮನೂ ಹಾಕಿದಾನೆ, ಒಂದು ತೆಗೀರಿ’ ಅಂತಲೋ ‘ಇನ್ನೊಂದು ನಮ್ಮ ಭಾವನಿಗೆ’ ಅಂತಲೋ ನೇರವಾಗಿ ಹೇಳುತ್ತಾರೆ. ಮಾರುವವನು ‘ಒಂದೊಂದಕ್ಕೆ ಎರಡು ಸಾವಿರ ಜಾಸ್ತಿ ಕೊಡ್ತೀನಿ, ಬಿಡಿ ಅಣ್ಣ’ ಅನ್ನುತ್ತಾನೆ. ನನಗೆ ಎರಡೂ ಬಂದಿವೆ. ಈ ಒಂದು ಫೋನ್ ಮಾಡಿದ್ದರೆ ನನ್ನ 2021ರ ತಪ್ಪು ಆಗುತ್ತಲೇ ಇರಲಿಲ್ಲ.

ಒಂದು ಥರದವರ ಬಗ್ಗೆ ಮಾತ್ರ ನನಗೆ ಮೆತ್ತಗೆ ಅನಿಸುತ್ತದೆ. ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಇರುವ ಸಣ್ಣ ಅಂಗಡಿಯವರು. ಅವರಿಗೆ ಡಿಸ್ಟ್ರಿಬ್ಯೂಟರ್ ಮಾಲು ಕೊಡುವುದೇ ಇಲ್ಲ, ಊರಿನ ಇಬ್ಬರು ಗಿರಾಕಿಗಳಿಗೆ ಮಾತು ಕೊಟ್ಟು ನಮ್ಮಲ್ಲಿ ಬುಕ್ ಮಾಡಿರುತ್ತಾರೆ. ಅವರನ್ನು ಆರು ಸಿಮ್‌ನವನ ಜೊತೆ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಮಾತಾಡಿ. ಕೊನೆಯಲ್ಲಿ ಕೊಳ್ಳುವವರ ಹೆಸರಲ್ಲೇ ಬಿಲ್ ಮಾಡಿ ಕಳಿಸಿ, ಬೆಲೆ ಎಂಆರ್‌ಪಿ ದಾಟಬಾರದು ಅಂತ ಹೇಳಿ. ಗೇಮಿಂಗ್ ಕೆಫೆಯವರೂ ಹೀಗೆ. ನಾಲ್ಕು ಬೇಕು, ಜಿಎಸ್‌ಟಿ ಬಿಲ್ ಬೇಕು ಅಂದ ಕೂಡಲೇ ಗಾಬರಿಯಾಗಬೇಡಿ, ಕೆಫೆ ಎಲ್ಲಿದೆ ಕೇಳಿ, ಸಾಧ್ಯವಾದರೆ ಹೋಗಿ ನೋಡಿ, ಮೊದಲ ಕಂತಲ್ಲಿ ಒಂದು ಕೊಟ್ಟು ಉಳಿದದ್ದು ಆಮೇಲೆ ಅನ್ನಿ.

ರದ್ದು ಮಾಡುವ ದಿನ

ಇಡೀ ಮನುಷ್ಯನನ್ನು ಹೊರಗೆ ಹಾಕಬೇಡಿ. ಆರು ಹಾಕಿದ್ದರೆ ಐದು ತೆಗೆಯಿರಿ, ಒಂದು ಉಳಿಸಿ. ನಿಮ್ಮ ನಿಯಮ ‘ಒಬ್ಬರಿಗೆ ಒಂದು’ ಅಂತ ಇದ್ದರೆ ಅವನಿಗೂ ಒಂದು ಸಿಗಬೇಕು. 2021ರಲ್ಲಿ ನಾನು ಆರಕ್ಕೆ ಆರೂ ತೆಗೆದೆ, ಯಾಕೆಂದರೆ ಅವತ್ತು ಬರೆದಿಟ್ಟ ನಿಯಮವೇ ಇರಲಿಲ್ಲ. ಈಗ ಹಾಗೆ ಮಾಡುವುದಿಲ್ಲ.

ಹೇಳಿದ ಗಡುವಿನೊಳಗೆ ಮಾಡಿ. ಒಪ್ಪಿದ್ದೇವೆ ಅಂತ ಎರಡನೇ ಮೆಸೇಜ್ ಹೋದ ಮೇಲೆ, ಅದೂ ಮಾಲು ಬರುವ ಹಿಂದಿನ ದಿನ ರದ್ದು ಮಾಡುವುದು ತಪ್ಪು, ಎದುರಿಗಿರುವವನು ಎಂಥವನೇ ಆಗಿರಲಿ. ಕೊರಿಯರ್‌ಗೆ ಕೊಟ್ಟಾಗಿದ್ದರಂತೂ ಬಿಟ್ಟುಬಿಡಿ. ಮುಂದಿನ ಸಲ ನೋಡಿಕೊಳ್ಳಿ.

ದುಡ್ಡು ಅದೇ ದಿನ ವಾಪಸ್, ಬಂದ ಖಾತೆಗೇ ವಾಪಸ್, ಒಂದು ರೂಪಾಯಿ ಕಡಿಯದೆ. ಪೇಮೆಂಟ್ ಗೇಟ್‌ವೇ ಶುಲ್ಕ ಹೋದರೆ ಅದು ನಮ್ಮ ಖರ್ಚು. ‘ಸ್ಟೋರ್ ಕ್ರೆಡಿಟ್ ಕೊಡ್ತೀವಿ’ ಅನ್ನಬೇಡಿ. ಗಿರಾಕಿ ರದ್ದು ಮಾಡಿದರೆ ಶುಲ್ಕ ಹಿಡಿಯುವ ಅಂಗಡಿಗಳಿಗೂ ಒಂದು ಮಾತು. ಅದೇ 2020ರ ನಿಯಮಗಳ ಪ್ರಕಾರ, ನೀವಾಗಿ ರದ್ದು ಮಾಡಿದಾಗ ನೀವೂ ಅಂಥದೇ ಶುಲ್ಕ ಕೊಡುವುದಿಲ್ಲವಾದರೆ ಗಿರಾಕಿಯ ಹತ್ತಿರ ಹಿಡಿಯುವ ಹಾಗಿಲ್ಲ. ಬಿಲ್ ಆಗಲೇ ಆಗಿದ್ದರೆ ಕ್ರೆಡಿಟ್ ನೋಟ್ (ಬಿಲ್ ಮೊತ್ತ ವಾಪಸ್ ಅಂತ ತೋರಿಸುವ ಕಾಗದ) ಮಾಡಿ, ನಿಮ್ಮ ಲೆಕ್ಕದವರಿಗೆ ಅವತ್ತೇ ತಿಳಿಸಿ.

ಮೆಸೇಜ್ ಹೀಗಿರಲಿ: ‘ನಿಮ್ಮ ಹೆಸರಲ್ಲಿ ಬಂದ ಬುಕ್ಕಿಂಗ್‌ಗಳಲ್ಲಿ ಒಂದನ್ನು ಒಪ್ಪಿದ್ದೇವೆ. ಒಬ್ಬರಿಗೆ ಒಂದೇ ಅನ್ನುವ ನಿಯಮದಂತೆ ಉಳಿದ ಐದನ್ನು ರದ್ದು ಮಾಡಿದ್ದೇವೆ. ಮುಂಗಡ ಪೂರ್ತಿ ವಾಪಸ್ ಕಳಿಸಿದ್ದೇವೆ. ನಮ್ಮಿಂದ ತಪ್ಪಾಗಿದೆ ಅನಿಸಿದರೆ ನಾಳೆ ಮಧ್ಯಾಹ್ನದೊಳಗೆ ಫೋನ್ ಮಾಡಿ, ಅಲ್ಲಿಯವರೆಗೆ ಈ ಪೀಸ್‌ಗಳನ್ನು ಬೇರೆಯವರಿಗೆ ಕೊಡುವುದಿಲ್ಲ.’ ಕಾಳಸಂತೆ, ಮೋಸ, ಫ್ರಾಡ್ ಅನ್ನುವ ಮಾತು ಬರೆಯಲೇಬೇಡಿ. ನಿಮಗೆ ಗೊತ್ತಿರುವುದು ಆರು ಬುಕ್ಕಿಂಗ್ ಬಂದಿದೆ ಅನ್ನುವುದಷ್ಟೆ. ಅವನು ಏನು ಮಾಡಲು ಹೊರಟಿದ್ದ ಅನ್ನುವುದು ನಿಮ್ಮ ಊಹೆ.

ಅವನು ‘ಗ್ರಾಹಕರ ಕೋರ್ಟ್‌ಗೆ ಹೋಗ್ತೀನಿ’ ಅಂದರೆ? ಹೆದರಬೇಡಿ, ಉಡಾಫೆಯೂ ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮರುಮಾರಾಟಕ್ಕೆಂದು ಕೊಳ್ಳುವವರು ‘ಗ್ರಾಹಕ’ ಅನ್ನುವ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಅವನು ಮಾರಲೆಂದೇ ಕೊಂಡ ಅನ್ನುವುದಕ್ಕೆ ನಿಮ್ಮ ಹತ್ತಿರ ಕಾಗದ ಬೇಕು. ಪಟ್ಟಿ, ಸ್ಕ್ರೀನ್‌ಶಾಟ್, ನಿಯಮದ ಬೋರ್ಡ್‌ನ ದಿನಾಂಕ ಇರುವ ಫೋಟೋ, ಎಲ್ಲ ಒಂದು ಫೋಲ್ಡರ್‌ನಲ್ಲಿ ಇರಲಿ. ಪ್ಯಾಕ್ ಆದ ಸಾಮಾನನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರುವುದು 2011ರ ಪೊಟ್ಟಣ ಸರಕುಗಳ ನಿಯಮಗಳಿಗೆ ವಿರುದ್ಧ. ಯಾವುದಾದರೂ ಅಂಗಡಿ ಹಾಗೆ ಮಾರುವುದು ಕಂಡರೆ ಕಾನೂನು ಮಾಪನ ಇಲಾಖೆಗೆ ಹೇಳಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಉಳಿದ ಪೀಸ್ ಎಲ್ಲಿಗೆ ಹೋಗಬೇಕು

ಇಲ್ಲಿ ಅಂಗಡಿಯವರು ಎಡವುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಬ್ಲಾಕ್‌ನವನ ಆರ್ಡರ್ ರದ್ದು ಮಾಡಿ, ಅದೇ ಪೀಸ್‌ಗೆ ಯಾರೂ ಕೇಳದ ಎರಡು ಗೇಮ್, ಒಂದು ಹೆಡ್‌ಸೆಟ್ ಕಟ್ಟಿ ‘ಬಂಡಲ್ ಮಾತ್ರ ಇದೆ’ ಅಂತ ಹತ್ತು ಸಾವಿರ ಜಾಸ್ತಿಗೆ ಕೊಡುತ್ತಾರೆ. ಅದೂ ಬ್ಲಾಕೇ. ಹಾಗೆ ಮಾಡುವುದಾದರೆ ರದ್ದು ಮಾಡಲೇಬೇಡಿ, ಆ ಆರ್ಡರ್ ಅವನಿಗೇ ಇರಲಿ. ರದ್ದಾದ ಪೀಸ್ ವೇಟಿಂಗ್ ಲಿಸ್ಟ್‌ನಲ್ಲಿ ಮುಂದೆ ಇರುವವರಿಗೆ, ಬಂದ ಕ್ರಮದಲ್ಲಿ, ಅದೇ ಬೆಲೆಗೆ ಹೋಗಬೇಕು. ಗೆಳೆಯನಿಗಲ್ಲ, ಪಕ್ಕದ ಅಂಗಡಿಯ ಯಜಮಾನರ ಮಗನಿಗಲ್ಲ. ವೇಟಿಂಗ್ ಲಿಸ್ಟ್ ನಂಬರ್ ಎಲ್ಲರಿಗೂ ಮೊದಲೇ ತಿಳಿಸಿದ್ದರೆ ಈ ಆಸೆಯೇ ಬರುವುದಿಲ್ಲ, ಯಾಕೆಂದರೆ ಏಳನೇ ನಂಬರಿನವರಿಗೆ ಎಂಟನೆಯವರ ಮನೆಗೆ ಪೆಟ್ಟಿಗೆ ಹೋದದ್ದು ಹೇಗೂ ಗೊತ್ತಾಗುತ್ತದೆ.

ಕೊಡುವಾಗ ಬುಕ್ ಮಾಡಿದ ಫೋನ್‌ಗೆ ಒಟಿಪಿ ಕಳಿಸಿ, ಬಿಲ್‌ನಲ್ಲಿ ಹೆಸರು ಮತ್ತು ಸೀರಿಯಲ್ ನಂಬರ್ ಬರೆಯಿರಿ. ಜಪಾನ್‌ನ ನೊಜಿಮಾ ಅನ್ನುವ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪ್ಲೇಸ್ಟೇಷನ್ 5 ಪೆಟ್ಟಿಗೆಯ ಮೇಲೆ ಕೊಂಡವರ ಹೆಸರನ್ನೇ ಮಾರ್ಕರ್‌ನಲ್ಲಿ ಬರೆದು ಕೊಡುತ್ತಿದ್ದರು, ಮತ್ತೆ ಹೊಸದು ಅಂತ ಮಾರಲು ಆಗಬಾರದು ಅಂತ. ನನಗೆ ಅದು ಅಷ್ಟು ಇಷ್ಟವಾಗಲಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಒಯ್ಯುವ ಅಪ್ಪನ ಕೈಗೆ ಗೀಚಿದ ಪೆಟ್ಟಿಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇದ್ದರೆ ಮುಂದೆ ಯಾವ ಪೀಸ್ ಯಾರ ಕೈಯಿಂದ ಹೋಯಿತು ಅನ್ನುವುದು ತಿಳಿಯುತ್ತದೆ, ಅಷ್ಟು ಸಾಕು.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಕೂತು ಲೆಕ್ಕ ಬರೆಯಿರಿ. ಎಷ್ಟು ಬುಕ್ಕಿಂಗ್ ಬಂತು, ಎಷ್ಟು ರದ್ದಾಯಿತು, ಯಾವ ಗುರುತು ನೋಡಿ ರದ್ದು ಮಾಡಿದಿರಿ, ಅದರಲ್ಲಿ ಎಷ್ಟು ತಪ್ಪಾಯಿತು. ತಪ್ಪಾಗಿ ರದ್ದಾದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಕೌಂಟರ್ ಒಳಗೆ ಅಂಟಿಸಿ. ಮುಂದಿನ ಕಂತಿನ ಮಾಲು ಬಂತು ಅಂತ ಗೊತ್ತಾದ ಕೂಡಲೇ, ಫಾರ್ಮ್ ತೆರೆಯುವ ಮೊದಲು, ಆ ಹಾಳೆಯಲ್ಲಿ ಇರುವವರಿಗೆ ಫೋನ್ ಮಾಡಿ. ನಮ್ಮ ಹಾಳೆಯಲ್ಲಿ ಮೊದಲು ಇದ್ದದ್ದು ಆ ಪಿಜಿ ಹುಡುಗರ ಮೂರು ಹೆಸರು. ಇಬ್ಬರು ಆಗಲೇ ಬೇರೆ ಕಡೆ ಕೊಂಡಿದ್ದರು. ಮೂರನೆಯವನು ಅವತ್ತೇ ಸಂಜೆ ಬಂದು ಪೆಟ್ಟಿಗೆ ಒಯ್ದ.